ಪದ ಬೇಕು: ಮೆಟ್ರೊ ಹಳಿಯ ‘ಸ್ವಿಚ್’ಗೆ ಏನನ್ನೋಣ?

ಪ್ರಶ್ನೆ, ಜಯನಗರದಿಂದ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟು. ಶಾಲಾ ಮಕ್ಕಳ ಒಂದು ಪ್ರದರ್ಶನಕ್ಕೆ ಫಲಕಗಳನ್ನು ಅನುವಾದ ಮಾಡುತ್ತಿದ್ದೇನೆ, ನಾಳೆ ಬೆಳಿಗ್ಗೆ ಪ್ರಿಂಟಿಗೆ ಹೋಗಬೇಕು. ಮೆಟ್ರೊ, ಮೊನೊರೈಲು, ಪಾಡ್ ಕಾರು (ತನ್ನದೇ ದಾರಿಯಲ್ಲಿ ಚಾಲಕನಿಲ್ಲದೆ ಓಡುವ ಸಣ್ಣ ಗಾಡಿ) ಇವೆಲ್ಲ ಒಂದು ದಾರಿಯಿಂದ ಇನ್ನೊಂದಕ್ಕೆ ಹೇಗೆ ಹೊರಳುತ್ತವೆ ಅನ್ನುವುದು ವಿಷಯ. ಇಂಗ್ಲಿಷಿನಲ್ಲಿ ಮೂರಕ್ಕೂ ‘ಸ್ವಿಚ್’ ಅಂತಲೇ ಇದೆ. ಯಂತ್ರಾನುವಾದ ‘ಹಳಿ ಗುಂಡಿ’ ಅಂತ ಕೊಟ್ಟಿತು. ಬೆಂಗಳೂರಿನ ಮಕ್ಕಳಿಗೆ ಗುಂಡಿ ಅಂದರೆ ಏನು ಅಂತ ನಿಮಗೇ ಗೊತ್ತು ಅಲ್ವಾ! ಸದ್ಯಕ್ಕೆ ‘ಹಳಿ ಪರಿವರ್ತಕ’ ಅಂತ ಹಾಕಿದ್ದೇನೆ. ನಡೆಯುತ್ತಾ?

ಬಸವನಗುಡಿಯಿಂದ

ನಡೆಯುವುದಿಲ್ಲ. ಕನ್ನಡದ ಹಳಿಗೆ ಸಂಸ್ಕೃತದ ಪರಿವರ್ತಕ ಜೋಡಿಸಿದರೆ ಅರಿಸಮಾಸ, ವ್ಯಾಕರಣ ಒಪ್ಪದ ಜೋಡಿ. ಸಾಲದ್ದಕ್ಕೆ ಪರಿವರ್ತಕ ಅಂದರೆ ಜನ ಬೀದಿ ಬದಿಯ ಟ್ರಾನ್ಸ್‌ಫಾರ್ಮರ್ ಅಂದುಕೊಳ್ಳುತ್ತಾರೆ.

‘ಕವಲು’ ಅನ್ನಿ. ಕವೆ, ಕವೆಗೋಲು, ಕವಲು ಎಲ್ಲ ಒಂದೇ ಬೇರಿನವು. ತಮಿಳಿನಲ್ಲೂ ಕವೈ ಇದೆ, ಕವರ್ ಇದೆ. ಎರಡಾಗಿ ಸೀಳುವುದೇ ಅದರ ತಿರುಳು. ನನ್ನ ಪ್ರಕಾರ ಕವಣೆಯೂ ಇದೇ ಗುಂಪಿನದು, ಬೇಕಿದ್ದರೆ ವಿವರವಾಗಿ ಬರೆಯುತ್ತೇನೆ.

ರಾಜಾಜಿನಗರದಿಂದ

ಬೇಡ. ಕವಣೆಯನ್ನು ಸುಮ್ನೆ ಎಳೆದು ತರಬೇಡಿ. ಕೇಳಿದವರಿಗೆ ನಾಳೆ ಪ್ರಿಂಟು.

ಮೇಡಂ, ‘ಪಾಯಿಂಟ್’ ಅಂತ ಹಾಕಿ ಮುಗಿಸಿ. ರೈಲ್ವೆಯಲ್ಲಿ ಗ್ಯಾಂಗ್‌ಮನ್‌ನಿಂದ ಸ್ಟೇಷನ್ ಮಾಸ್ಟರ್‌ವರೆಗೆ ಎಲ್ಲರ ಬಾಯಲ್ಲೂ ಅದೇ. ಹಿಂದಿಯವರು ಕಾಂಟಾ ಅನ್ನುತ್ತಾರೆ, ಪಾಯಿಂಟ್ಸ್‌ಮನ್‌ಗೆ ಕಾಂಟೆವಾಲಾ. ನಮ್ಮಲ್ಲಿ ಅಂಥದ್ದೊಂದು ನಿಲ್ಲಲಿಲ್ಲ.

ಬಸವನಗುಡಿಯಿಂದ

ನಿಲ್ಲಲು ನಾವು ಬಿಡಲಿಲ್ಲ. ಕೆರೆ ನೀರನ್ನು ಈ ಗದ್ದೆಗೆ, ಆ ಗದ್ದೆಗೆ ತಿರುಗಿಸುವವನಿಗೆ ನೀರುಗಂಟಿ ಅಂದ ಭಾಷೆ ಇದು. ಹಳಿ ತಿರುಗಿಸುವವನು ಹಳಿಗಂಟಿ. ಏನು ತೊಂದರೆ?

ಪೀಣ್ಯದಿಂದ

ತೊಂದರೆ ಏನೆಂದರೆ ಮೆಟ್ರೊದಲ್ಲಿ ಹಳಿ ತಿರುಗಿಸಲು ಯಾರೂ ನಿಂತಿರುವುದಿಲ್ಲ, ಮೋಟರು ಇರುತ್ತದೆ. ನಾನು ರೈಲ್ವೆ ಸಿಗ್ನಲ್ ವಿಭಾಗದಲ್ಲಿ ಕೆಲಸ ಮಾಡಿದವನು. ಹೆಸರು ಆಮೇಲೆ ಇಡೋಣ, ಮೊದಲು ಮಗುವನ್ನು ನೋಡಿ.

ಪಾಯಿಂಟಿನಲ್ಲಿ ಅಲ್ಲಾಡುವುದು ಇಡೀ ಹಳಿ ಅಲ್ಲ, ತುದಿ ಚೂಪಾಗಿಸಿದ ಎರಡು ಹಳಿ ತುಂಡು. ಇಂಗ್ಲಿಷಿನಲ್ಲೂ ಅದಕ್ಕೆ ನಾಲಿಗೆ ಅಂತಲೇ ಹೆಸರು. ಎರಡಕ್ಕೂ ಸೇರಿ ಅಡ್ಡ ಸರಳು ಇರುತ್ತದೆ, ಪಕ್ಕದ ಪಾಯಿಂಟ್ ಮೆಷಿನ್ ಅದನ್ನು ತಳ್ಳುತ್ತದೆ ಇಲ್ಲವೇ ಎಳೆಯುತ್ತದೆ. ಒಂದು ನಾಲಿಗೆ ಪಕ್ಕದ ಹಳಿಗೆ ಅಂಟಿ ಕೂತಾಗ ಇನ್ನೊಂದು ಬಿಟ್ಟುಕೊಂಡಿರುತ್ತದೆ. ನಮ್ಮ ಬ್ರಾಡ್‌ಗೇಜಿನ ಹಳೇ ಮಾದರಿಯಲ್ಲಿ ಆ ಬಿಡುವು 115 ಮಿ.ಮೀ. ಪರೀಕ್ಷೆಗೆ ನಾಲಿಗೆ ಮತ್ತು ಹಳಿಯ ನಡುವೆ 5 ಮಿ.ಮೀ. ದಪ್ಪದ ತುಂಡೊಂದನ್ನು ಹಿಡಿದು ಪಾಯಿಂಟ್ ಹಾಕಿಸುತ್ತಿದ್ದೆವು. ನಾಲಿಗೆ ಪೂರ್ತಿ ಅಂಟಿ ಕೂತಿಲ್ಲವಲ್ಲ, ಆಗ ಅದನ್ನು ಬಿಗಿಹಿಡಿಯುವ ಲಾಕ್ ಬೀಳಲೇಬಾರದು. ಬಿತ್ತೋ, ಆ ಮೆಷಿನ್ ಸರಿಪಡಿಸುವವರೆಗೆ ಅಲ್ಲಿಂದ ಕದಲುವ ಹಾಗಿಲ್ಲ.

ಮೊನೊರೈಲಿಗೆ ಈ ನಾಲಿಗೆಯೇ ಇಲ್ಲ. ಮುಂಬೈಯಲ್ಲಿ 2014ರಲ್ಲಿ ಶುರುವಾದದ್ದು ತೊಲೆಯ ಮೇಲೆ ಕವುಚಿಕೊಂಡು ಓಡುವ ಜಾತಿ. ಅಲ್ಲಿ ತೊಲೆಯೇ ಸರಿಯಬೇಕು. ಶಾಂಘೈನ ಮ್ಯಾಗ್ಲೆವ್‌ನಲ್ಲಂತೂ (ಆಯಸ್ಕಾಂತದ ಬಲದಿಂದ ತೇಲಿ ಓಡುವ ರೈಲು) ಉದ್ದನೆಯ ಉಕ್ಕಿನ ತೊಲೆಯನ್ನೇ ಬಗ್ಗಿಸುತ್ತಾರೆ.

ಪಾಡ್ ಕಾರಿನದು ಇನ್ನೂ ಬೇರೆ ಕಥೆ. ಅಮೆರಿಕದ ಮಾರ್ಗನ್‌ಟೌನ್‌ನಲ್ಲಿ 1975ರಿಂದ ಓಡುತ್ತಿರುವುದನ್ನು ನೋಡಿ. ದಾರಿ ಒಂಚೂರೂ ಅಲ್ಲಾಡುವುದಿಲ್ಲ. ಗಾಡಿಯೇ ಎಡಬದಿ ಅಥವಾ ಬಲಬದಿ ಹಿಡಿದು ತನ್ನ ದಾರಿ ನೋಡಿಕೊಳ್ಳುತ್ತದೆ. ಮುಂದಿನ ಗಾಡಿ ಹೋದ ಮೇಲೆ ಹಳಿ ಸರಿದು ಲಾಕ್ ಆಗಲಿ ಅಂತ ಹಿಂದಿನದು ಕಾಯಬೇಕಿಲ್ಲ. ಸಣ್ಣ ಗಾಡಿಗಳನ್ನು ಹತ್ತಿರ ಹತ್ತಿರ ಓಡಿಸಬೇಕು ಅನ್ನುವವರು ಇದನ್ನು ಇಷ್ಟಪಡುವುದು ಅದಕ್ಕೇ.

ಹೀಗಾಗಿ ಹಳಿ ಇಟ್ಟುಕೊಂಡು ಏನೇ ಕಟ್ಟಿದರೂ ಅದು ಮೂರರಲ್ಲಿ ಒಂದಕ್ಕೆ ಮಾತ್ರ. ಕವಲು ಚೆನ್ನಾಗಿದೆ, ಆದರೆ ಅದು ಜಾಗದ ಹೆಸರು. ಮೆಷಿನ್‌ಗೆ ಹೇಗೆ ಕವಲು ಅನ್ನುತ್ತೀರಿ?

ಬಸವನಗುಡಿಯಿಂದ

ಕವಲಿಸುಗ. ಮುಗಿಯಿತು.

ಮಲ್ಲೇಶ್ವರದಿಂದ

ಮಕ್ಕಳು ಹೆದರಿಕೊಳ್ಳುತ್ತಾರೆ ಸಾರ್. ರೈಲು, ಸಿಗ್ನಲ್, ಮೋಟರು ಎಲ್ಲ ನುಂಗಿ ಅರಗಿಸಿಕೊಂಡಿದ್ದೇವೆ, ಪಾಯಿಂಟ್ ಒಂದು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದಾ? ಅರಿಸಮಾಸ ಅಂತ ಜಾಸ್ತಿ ಕೂಗಾಡುವವರು ಮೊದಲು ‘ರೈಲು ನಿಲ್ದಾಣ’ ಅಂತ ಬರೆಯುವುದನ್ನು ಬಿಡಲಿ.

ಬಸವನಗುಡಿಯಿಂದ

ನಿಲ್ದಾಣದ ‘ತಾಣ’ ತದ್ಭವ. ತದ್ಭವಕ್ಕೆ ಆ ದೋಷ ಇಲ್ಲ. ವ್ಯಾಕರಣ ಬರೆದ ಕೇಶಿರಾಜನನ್ನು ಇನ್ನೊಮ್ಮೆ ಓದಿ.

ಮಲ್ಲೇಶ್ವರದಿಂದ

ರೈಲು ಯಾವುದರ ತದ್ಭವ?

ರಾಜಾಜಿನಗರದಿಂದ

ಬೇರೆ ಭಾಷೆಯಿಂದ ಪದ ಸಾಲ ಪಡೆಯುವ ಜಗಳ ಬೇರೆ ವಿಷಯದಡಿ ಹಾಕಿಕೊಳ್ಳಿ, ಪ್ಲೀಸ್. ಎರಡೂ ಕಡೆಯವರ ವಾದ ನಮಗೆಲ್ಲ ಬಾಯಿಪಾಠ ಆಗಿದೆ.

ಜಯನಗರದಿಂದ

ಎಲ್ಲರಿಗೂ ಥ್ಯಾಂಕ್ಸ್. ಪೀಣ್ಯದವರು ಹೇಳಿದ ಮೇಲೆ ಮೂರಕ್ಕೂ ಒಂದೇ ಪದ ಹುಡುಕುವುದನ್ನು ಬಿಟ್ಟೆ. ಫಲಕದ ತಲೆಬರಹ ‘ಕವಲಿನಲ್ಲಿ ಏನಾಗುತ್ತದೆ?’ ಮೆಟ್ರೊ ಚಿತ್ರಕ್ಕೆ ‘ನಾಲಿಗೆ ಹಳಿ’ ಮತ್ತು ‘ಪಾಯಿಂಟ್ ಮೆಷಿನ್’. ಮೊನೊರೈಲಿಗೆ ‘ಸರಿಯುವ ತೊಲೆ’. ಪಾಡ್ ಕಾರಿಗೆ ಹೆಸರೇ ಬೇಡ ಅಂತ ‘ಇಲ್ಲಿ ದಾರಿ ಅಲ್ಲಾಡುವುದಿಲ್ಲ, ಗಾಡಿಯೇ ಬದಿ ಹಿಡಿಯುತ್ತದೆ’ ಅಂತ ವಾಕ್ಯ ಹಾಕಿದ್ದೇನೆ. ಫೈಲು ಕಳಿಸಿಯಾಯಿತು.

ಬಸವನಗುಡಿಯಿಂದ

‘ಪಾಯಿಂಟ್ ಮೆಷಿನ್’ ಅಂತ ಬರೆದ ಫಲಕ ನೋಡಲು ನಾನಂತೂ ಬರುವುದಿಲ್ಲ.

ರಾಜಾಜಿನಗರದಿಂದ

ಪ್ರದರ್ಶನ ಮಕ್ಕಳಿಗೆ ಸಾರ್.