ಪದಚರ್ಚೆ: ಬ್ಯಾಡ್ಮಿಂಟನ್ ಬರಹದಲ್ಲಿ ‘ರಿಟೈರ್ಡ್’, ‘ಸೀರಿಸ್’, ‘ಕೆರಿಯರ್’

ಪ್ರಶ್ನೆ: ನೇಪಾಳದ ಬ್ಯಾಡ್ಮಿಂಟನ್ ಆಟಗಾರ ಪ್ರಿನ್ಸ್ ದಾಹಾಲ್ ಬಗ್ಗೆ ಪರಿಚಯ ಲೇಖನವೊಂದು ಕನ್ನಡದಲ್ಲಿ ಸಿದ್ಧವಾಗುತ್ತಿದೆ. ಫಲಿತಾಂಶಗಳಲ್ಲಿ ಬರುವ ‘ರಿಟೈರ್ಡ್’ಗೆ ‘ನಿವೃತ್ತಿ’ ಸರಿಯೇ? ‘ಇಂಟರ್‌ನ್ಯಾಷನಲ್ ಸೀರಿಸ್’ ಅಂದರೆ ‘ಅಂತರರಾಷ್ಟ್ರೀಯ ಸರಣಿ’ ತಾನೇ? ‘ಕೆರಿಯರ್’ಗೆ ‘ವೃತ್ತಿಜೀವನ’ ಸಾಕೇ?

ಉತ್ತರ 1: ‘ನಿವೃತ್ತಿ’ ಬೇಡವೇ ಬೇಡ. ಆಟಗಾರನೊಬ್ಬನ ಪರಿಚಯದಲ್ಲಿ ‘ಎರಡನೇ ಗೇಮ್‌ನಲ್ಲಿ ನಿವೃತ್ತರಾದರು’ ಎಂದಿದ್ದರೆ, ಆಟಕ್ಕೇ ವಿದಾಯ ಹೇಳಿದರೇನೋ ಎಂದು ಓದುಗರು ಗಾಬರಿಯಾಗುತ್ತಾರೆ. ಶುರುವಾದ ಪಂದ್ಯ ನಡುವೆ ನಿಂತರೆ ‘ಪಂದ್ಯ ಬಿಟ್ಟುಕೊಟ್ಟರು’ ಎನ್ನಿ. ಕಾರಣ ಖಚಿತವಿದ್ದರೆ ಮಾತ್ರ ‘ಗಾಯದಿಂದ’ ಸೇರಿಸಿ. ಸ್ಕೋರು ನಿಂತಲ್ಲಿಗೇ ಬರೆಯಬೇಕು: 21-17, 8-11 ಎಂಬಂತೆ. ವಾಕ್‌ಓವರ್‌ನಲ್ಲಿ ಎದುರಾಳಿ ಅಂಕಣಕ್ಕೇ ಇಳಿದಿರುವುದಿಲ್ಲ, ಹಾಗಾಗಿ ಸ್ಕೋರೂ ಇಲ್ಲ. ‘ಬೈ’ನಲ್ಲಂತೂ ಡ್ರಾದಲ್ಲೇ (ಯಾರಿಗೆ ಯಾರು ಎದುರಾಳಿ ಎಂಬ ಪಟ್ಟಿಯಲ್ಲೇ) ಎದುರಾಳಿ ಇಲ್ಲ; ಅಲ್ಲಿ ‘ಗೆದ್ದರು’ ಎನ್ನುವಂತಿಲ್ಲ, ‘ಬೈ ಪಡೆದು ಎರಡನೇ ಸುತ್ತಿಗೆ ಹೋದರು’ ಅಷ್ಟೇ.

ಇನ್ನೊಂದು ತೊಡಕು ಗುಂಪು ಹಂತದ್ದು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ದಾಹಾಲ್ ‘ಪಿ’ ಗುಂಪಿನಲ್ಲಿದ್ದರು. ಡೆನ್ಮಾರ್ಕ್‌ನ ವಿಕ್ಟರ್ ಆಕ್ಸೆಲ್ಸನ್ ವಿರುದ್ಧ 8-21, 10-21ರಿಂದ ಸೋತರು. ಇದನ್ನು ‘ಮೊದಲ ಸುತ್ತಿನಲ್ಲೇ ಹೊರಬಿದ್ದರು’ ಎಂದು ಬರೆದರೆ ತಪ್ಪು. ಗುಂಪಿನಲ್ಲಿ ಎಲ್ಲರೂ ಎಲ್ಲರೊಡನೆ ಆಡುತ್ತಾರೆ, ಸೋತ ಮೇಲೂ ಪಂದ್ಯಗಳಿರುತ್ತವೆ. ‘ಗುಂಪು ಹಂತ ದಾಟಲಿಲ್ಲ’ ಎನ್ನುವುದು ಸರಿ. ಅದೇ ಕೂಟದಲ್ಲಿ ಗ್ವಾಟೆಮಾಲಾದ ಕೆವಿನ್ ಕಾರ್ಡನ್ ಗಾಯದಿಂದ ಹಿಂದೆ ಸರಿದಾಗ ಅವರ ವಿರುದ್ಧ ಭಾರತದ ಲಕ್ಷ್ಯ ಸೇನ್ ಗಳಿಸಿದ್ದ ಗೆಲುವು ಲೆಕ್ಕದಿಂದ ಹೋಯಿತು. ‘ಪಂದ್ಯ ರದ್ದು’ ಎಂದರೆ ಆಡಲೇ ಇಲ್ಲ ಎಂಬ ಅರ್ಥ ಬರುತ್ತದೆ. ‘ಫಲಿತಾಂಶ ಕೈಬಿಡಲಾಯಿತು’ ಎಂದರೆ ಗೊಂದಲವಿಲ್ಲ.

‘ವೃತ್ತಿಜೀವನ’ ಭಾರತದ ಆಟಗಾರರಿಗೇ ಅರೆಮನಸ್ಸಿನಿಂದ ಒಪ್ಪುವ ಮಾತು. ನೇಪಾಳದಲ್ಲಿ ಸೇನೆ, ಪೊಲೀಸ್, ಸಶಸ್ತ್ರ ಪೊಲೀಸ್ ಪಡೆಯ ಕ್ಲಬ್‌ಗಳ ಪರವಾಗಿ ಆಡುವವರಿದ್ದಾರೆ. ಅಂಥವರ ವೃತ್ತಿ ಯಾವುದು, ನೌಕರಿಯೋ ಆಟವೋ? ‘ಕ್ರೀಡಾಜೀವನ’ ಇಟ್ಟುಕೊಂಡರೆ ಈ ಪ್ರಶ್ನೆಯೇ ಏಳದು.

ಉತ್ತರ 2: ಮೇಲಿನದೆಲ್ಲ ಒಪ್ಪಿಗೆ. ‘ಸರಣಿ’ಯ ಬಗ್ಗೆ ಎರಡು ಮಾತು. ಕ್ರಿಕೆಟ್ ಓದಿ ಬೆಳೆದ ನಮಗೆ ಸರಣಿ ಎಂದರೆ ಎರಡು ತಂಡಗಳ ನಡುವಿನ ಮೂರೋ ಐದೋ ಪಂದ್ಯ. ಬ್ಯಾಡ್ಮಿಂಟನ್‌ನಲ್ಲಿ ‘ಇಂಟರ್‌ನ್ಯಾಷನಲ್ ಸೀರಿಸ್’ ಒಂದು ದರ್ಜೆಯ ಹೆಸರು. ಒಂದೇ ಟೂರ್ನಿಗೂ ಅದು ಸಲ್ಲುತ್ತದೆ. ವಿಶ್ವ ರ‍್ಯಾಂಕಿಂಗ್‌ಗೆ ಸಿಂಗಲ್ಸ್ ಚಾಂಪಿಯನ್‌ಗೆ ಇಂಟರ್‌ನ್ಯಾಷನಲ್ ಚಾಲೆಂಜ್‌ನಲ್ಲಿ 4000, ಇಂಟರ್‌ನ್ಯಾಷನಲ್ ಸೀರಿಸ್‌ನಲ್ಲಿ 2500, ಫ್ಯೂಚರ್ ಸೀರಿಸ್‌ನಲ್ಲಿ 1700 ಅಂಕ. ಹಿಂದಿನ 52 ವಾರಗಳ ಅತ್ಯುತ್ತಮ 10 ಟೂರ್ನಿಗಳನ್ನಷ್ಟೇ ಕೂಡುವುದರಿಂದ, ಗೆದ್ದದ್ದು ಯಾವ ದರ್ಜೆಯಲ್ಲಿ ಎನ್ನುವುದು ಮುಖ್ಯ. ಹೆಸರನ್ನು ಹಾಗೆಯೇ ಕನ್ನಡ ಲಿಪಿಯಲ್ಲಿ ಇಟ್ಟು, ಮೊದಲ ಸಲ ಮಾತ್ರ ‘ದರ್ಜೆಯ ಟೂರ್ನಿ’ ಎಂದು ಸೇರಿಸಿ.

‘ಜೂನಿಯರ್’ ಬಗ್ಗೆಯೂ ಎಚ್ಚರ. ವಿಶ್ವ ಜೂನಿಯರ್ ಎಂದರೆ 19 ವರ್ಷದೊಳಗಿನವರು. ದಾಹಾಲ್ 2018ರಲ್ಲಿ ಮ್ಯಾನ್ಮಾರ್‌ನ ಮಂಡಾಲೆಯಲ್ಲಿ ಗೆದ್ದ ಏಷ್ಯನ್ ಪ್ರಶಸ್ತಿ 15 ವರ್ಷದೊಳಗಿನವರದು. ಬರೀ ‘ಏಷ್ಯನ್ ಜೂನಿಯರ್ ಚಾಂಪಿಯನ್’ ಎಂದರೆ ಬೇರೊಂದೇ ಕೂಟದ ಪ್ರಶಸ್ತಿ ಅವರ ಹೆಸರಿಗೆ ಸೇರಿಬಿಡುತ್ತದೆ.