ಕೆರೆಯ ನೀರುಚಿಗಟದ ಪ್ರಭೇದ ಗುರುತಿಸುವುದು ಹೇಗೆ? ಅನುಭವ ಇದ್ದವರು ಹೇಳಿ

ಪ್ರಶ್ನೆ:
ಎಂ.ಎಸ್ಸಿ. ಯೋಜನೆಗೆಂದು ಊರ ಕೆರೆಯಿಂದ ನೀರುಚಿಗಟಗಳನ್ನು (ಸೀಗಡಿಯ ದೂರದ ಸಂಬಂಧಿಗಳಾದ ಪುಟ್ಟ ಜಲಜೀವಿಗಳು, ವಾಟರ್ ಫ್ಲೀ) ಹಿಡಿದಿದ್ದೇನೆ. ಉದ್ದ ಒಂದು ಮಿಲಿಮೀಟರ್ ಒಳಗೆ. ಫೋಟೊ ನೋಡಿದವರಲ್ಲಿ ಕೆಲವರು ಡಾಫ್ನಿಯಾ ಕುಲ ಎನ್ನುತ್ತಾರೆ, ಉಳಿದವರು ಮೊಯಿನಾ ಕುಲ. ಪ್ರಭೇದ ಗುರುತಿಸಿ ವಿವರಣೆ ಬರೆಯಬೇಕು. ಎಲ್ಲಿಂದ ಶುರು ಮಾಡಲಿ?

ಉತ್ತರ 1:
ಫೋಟೊ ಪಂಚಾಯಿತಿ ಬಿಡಿ, ಸೂಕ್ಷ್ಮದರ್ಶಕದಡಿ ಮುಖ ನೋಡಿ. ಡಾಫ್ನಿಯಾಕ್ಕೆ ಕೊಕ್ಕು ಇರುತ್ತದೆ. ಹೆಣ್ಣಿನಲ್ಲಿ ಮೊದಲ ಜೋಡಿ ಕುಡಿಮೀಸೆ ಅದರಡಿ ಅಡಗಿ ಕಂಡೂ ಕಾಣದಂತಿರುತ್ತದೆ. ಮೊಯಿನಾಕ್ಕೆ ಕೊಕ್ಕೂ ಇಲ್ಲ, ಚಿಪ್ಪಿನ ತುದಿಗೆ ಮುಳ್ಳೂ ಇಲ್ಲ. ಅದೇ ಕುಡಿಮೀಸೆ ಬೀಡಿಯಂತೆ ಹೊರಗೆ ಚಾಚಿರುತ್ತದೆ. ತಲೆ ತೀರಾ ಚಿಕ್ಕದಾಗಿ ಕೆಳಕ್ಕೆ ಬಾಗಿ, ತಲೆಗೂ ಬೆನ್ನಿಗೂ ನಡುವೆ ಆಳವಾದ ಕಚ್ಚು ಇದ್ದರೆ ಸೀರಿಯೋಡಾಫ್ನಿಯಾ ಎಂಬ ಇನ್ನೊಂದು ಕುಲ ಇರಬಹುದು. ಈ ಮೂರನೆಯದನ್ನು ಮರೆಯಬೇಡಿ.

ಮೊಯಿನಾ ಎಂದಾದರೆ, ಕಣ್ಣಿನ ಮೇಲ್ಭಾಗ ಆಳವಾಗಿ ತಗ್ಗಿದ್ದು ತಲೆಯ ಮೇಲೆ ಕೂದಲಿಲ್ಲದಿದ್ದರೆ ಮೊಯಿನಾ ಮೈಕ್ರೂರ ಎಂಬ ಪ್ರಭೇದವನ್ನು ಮೊದಲು ಪರಿಶೀಲಿಸಿ.

ಉತ್ತರ 2:
ಅದಕ್ಕೂ ಮೊದಲು ಮಾದರಿ ಕೆಡದಂತೆ ನೋಡಿಕೊಳ್ಳಿ. ಬರೀ ಫಾರ್ಮಲಿನ್‌ಗೆ ಹಾಕಿದರೆ ಚಿಪ್ಪು ಉಬ್ಬಿ ಮೊಟ್ಟೆಗಳು ಹೊರಬೀಳುತ್ತವೆ. ಶೇ 4ರ ಫಾರ್ಮಲಿನ್‌ಗೆ ಲೀಟರಿಗೆ 40 ಗ್ರಾಂ ಸಕ್ಕರೆ ಬೆರೆಸಿ. ಡಿಎನ್‌ಎ ಪರೀಕ್ಷೆಯ ಯೋಚನೆಯಿದ್ದರೆ ಒಂದಷ್ಟನ್ನು ಶೇ 95ರ ಆಲ್ಕೋಹಾಲಿನಲ್ಲಿ ಬೇರೆ ಇಡಿ. ಸ್ಲೈಡಿನ ಮೇಲೆ ಒಂದು ತೊಟ್ಟು ಗ್ಲಿಸರಿನ್ ಹಾಕಿ, ಪ್ರಾಣಿಯನ್ನು ಮಗ್ಗುಲಾಗಿ ಮಲಗಿಸಿ. ಮುಚ್ಚುಗಾಜಿನ ಮೂಲೆಗಳಿಗೆ ಚೂರು ಮೇಣ ಅಂಟಿಸಿದರೆ ಅದು ಜಜ್ಜಿಹೋಗುವುದಿಲ್ಲ.

ಉತ್ತರ 3:
ಮೇಲಿನವರು ಹೇಳಿದ್ದು ಕುಲದ ಮಟ್ಟಕ್ಕೆ ಸರಿ. ಪ್ರಭೇದಕ್ಕೆ ಇಳಿದಾಗ ತಲೆಯ ಆಕಾರವೊಂದನ್ನೇ ನಂಬುವುದು ಅಪಾಯ. ಡಾಫ್ನಿಯಾ ಲುಮ್‌ಹೋಲ್ಟ್ಸಿ ಎಂಬ ಪ್ರಭೇದಕ್ಕೆ ನೀರಿನಲ್ಲಿ ಮೀನಿನ ಸುಳಿವು ಸಿಕ್ಕರೆ ತಲೆಯ ಚೂಪು ಉದ್ದವಾಗುತ್ತದೆ; ಇಲ್ಲವಾದರೆ ಗಿಡ್ಡವಾಗಿಯೇ ಉಳಿಯುತ್ತದೆ. ನೋಡುವವರಿಗೆ ಎರಡು ಬೇರೆ ಪ್ರಾಣಿಗಳೇ ಅನ್ನಿಸಬೇಕು. ಸೂಜಿಯಿಂದ ದೇಹದ ಹಿಂತುದಿಯನ್ನು ಬಿಡಿಸಿ, ಅಲ್ಲಿನ ಉಗುರು ಮತ್ತು ಅದರ ಬುಡದ ಹಲ್ಲುಸಾಲನ್ನು ಚಿತ್ರಿಸಿ. ಒಂದೇ ಪ್ರಾಣಿ ಸಾಲದು. ಮರಿ, ಬಲಿತ ಹೆಣ್ಣು, ಗಂಡು ಎಲ್ಲವೂ ಬೇಕು. ಉದ್ದ ಅಳೆಯುವಾಗ ಬಾಲಮುಳ್ಳನ್ನು ಸೇರಿಸಬೇಡಿ.

ಬೆನ್ನ ಮೇಲಿನ ಸುಪ್ತಮೊಟ್ಟೆಗಳ ಕವಚವೂ ದೊಡ್ಡ ಸಾಕ್ಷಿ: ಮೊಯಿನಾ ಮೈಕ್ರೂರದಲ್ಲಿ ಒಂದು ಮೊಟ್ಟೆ, ಅದೇ ಕುಲದ ಮೊಯಿನಾ ಮ್ಯಾಕ್ರೊಕೋಪದಲ್ಲಿ ಎರಡು. ಆದರೂ ಮೈಕ್ರೂರ ಎಂಬ ಹೆಸರಿನಡಿ ಹಲವು ಪ್ರಭೇದಗಳು ಅಡಗಿವೆ ಎಂಬುದನ್ನು ಡಿಎನ್‌ಎ ತೋರಿಸಿದೆ. ಆದ್ದರಿಂದ ‘ಹೊಸ ಪ್ರಭೇದ’ ಎಂದು ಬರೆಯುವ ಆತುರ ಬೇಡ.

ಕವಚ ಹೊತ್ತವು ಸಿಗದಿದ್ದರೆ, ಕೆರೆ ಬತ್ತಿದಾಗ ಅಂಗಳದ ಒಣಮಣ್ಣು ತಂದು ನೀರಿನಲ್ಲಿ ನೆನೆಸಿ, ಮರಿಗಳನ್ನು ಸಾಕಿ. ನಾರ್ವೆಯ ಪ್ರಾಣಿಶಾಸ್ತ್ರಜ್ಞ ಜಿ.ಓ. ಸಾರ್ಸ್ ಆಸ್ಟ್ರೇಲಿಯಾದಿಂದ ಬಂದ ಒಣಮಣ್ಣಿನಿಂದ ಹೀಗೆಯೇ ನೀರುಚಿಗಟಗಳನ್ನು ಬೆಳೆಸಿ, 1885ರಲ್ಲಿ ಲುಮ್‌ಹೋಲ್ಟ್ಸಿಯನ್ನು ವಿವರಿಸಿದ್ದು.