ಇಎಂಡಿಆರ್ ಮಾಡಿಸಿಕೊಳ್ಳಲಾ, ಕೆಟಮಿನ್ ಥೆರಪಿ ಕೇಳಲಾ?

ನಸುಕು ಕೇಳಿದ್ದು:

ಕಾರ್ ಅಪಘಾತ ಆಗಿ ಎರಡು ವರ್ಷ ಆಗ್ತಾ ಬಂತು. ಮೂಳೆ ಕೂಡಿಕೊಂಡಿದೆ, ಕೆಲಸಕ್ಕೂ ಹೋಗುತ್ತೇನೆ. ಆದರೆ ಹಿಂದೆ ಎಲ್ಲಾದರೂ ಬ್ರೇಕ್ ಕಿರುಗುಟ್ಟಿದರೆ ಸಾಕು, ಕೈಕಾಲು ತಣ್ಣಗಾಗುತ್ತದೆ. ಮುಂದಿನ ಸೀಟಿನಲ್ಲಿ ಕೂರುವುದನ್ನೇ ಬಿಟ್ಟಿದ್ದೇನೆ. ಕೌನ್ಸೆಲಿಂಗ್‌ಗೆ ಹೋದರೆ, "ಅವತ್ತು ಏನಾಯಿತು ಹೇಳಿ" ಅಂದ ತಕ್ಷಣ ತಲೆಯೆಲ್ಲ ಖಾಲಿ. ಮಾತೇ ಹೊರಡುವುದಿಲ್ಲ.

ಈಗ ನೋಡುತ್ತಿರುವ ಸೈಕಾಲಜಿಸ್ಟ್ ಇದು ಪಿಟಿಎಸ್‌ಡಿ (ದೊಡ್ಡ ಆಘಾತದ ನಂತರ ಉಳಿದುಬಿಡುವ ಮಾನಸಿಕ ತೊಂದರೆ), ಇಎಂಡಿಆರ್ ಅನ್ನುವ ಥೆರಪಿ ಮಾಡೋಣ ಅಂತಾರೆ. ಅವರು ಬೆರಳು ಆಡಿಸುತ್ತಾರಂತೆ, ನಾನು ಕಣ್ಣಲ್ಲಿ ಅದನ್ನು ಹಿಂಬಾಲಿಸಬೇಕಂತೆ. ಇದು ಹಿಪ್ನಾಟಿಸಂ ತರಹದ್ದಾ? ಆದದ್ದನ್ನೆಲ್ಲ ಬಾಯಿಬಿಟ್ಟು ಹೇಳಲೇಬೇಕಾ? ನನ್ನ ಅಣ್ಣ ಮಾತ್ರ ಕೆಟಮಿನ್ ಥೆರಪಿ ಅಂತ ಹಿಡಿದು ಕೂತಿದ್ದಾನೆ, ಅದರಲ್ಲಿ ಬೇಗ ಗುಣ ಅಂತೆ. ಮಾಡಿಸಿಕೊಂಡವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಹೊಂಗೆನೆರಳು:

ಹಿಪ್ನಾಟಿಸಂ ಅಲ್ಲ. ಪೂರ್ತಿ ಎಚ್ಚರವಾಗಿರುತ್ತೀರಿ, ಬೇಡ ಅನಿಸಿದ ಕ್ಷಣ ಕೈ ಎತ್ತಿ ನಿಲ್ಲಿಸಬಹುದು. ಎಲ್ಲವನ್ನೂ ಹೇಳಲೇಬೇಕು ಅಂತಲೂ ಇಲ್ಲ. ಮಾತು ಹೊರಡದೆ ಒದ್ದಾಡುವವರಿಗೆ ಇದು ಎಷ್ಟು ದೊಡ್ಡ ಸಮಾಧಾನ ಅಂತ ನನಗೆ ಗೊತ್ತು.

ನನ್ನದು ಬೆಂಕಿಯ ಕಥೆ. ರಾತ್ರಿ ಪಕ್ಕದ ಫ್ಲ್ಯಾಟ್‌ಗೆ ಬೆಂಕಿ ಬಿದ್ದು, ಹೊಗೆಯಲ್ಲಿ ಮೆಟ್ಟಿಲು ಹುಡುಕಿಕೊಂಡು ಇಳಿದಿದ್ದೆವು. ಆಮೇಲೆ ಸುಟ್ಟ ಪ್ಲಾಸ್ಟಿಕ್ ವಾಸನೆ ಬಂದರೆ ಎಲ್ಲಿದ್ದರೂ ಎದ್ದು ಓಡುವ ಹಾಗೆ ಆಗುತ್ತಿತ್ತು.

ಶುರುವಿನ ಭೇಟಿಗಳಲ್ಲಿ ಥೆರಪಿಸ್ಟ್ ಬೆರಳು ಎತ್ತಲೇ ಇಲ್ಲ. ನಿದ್ದೆ ಹೇಗಿದೆ, ಮನೆಯಲ್ಲಿ ಯಾರಿದ್ದಾರೆ, ಗಾಬರಿಯಾದಾಗ ಏನು ಮಾಡುತ್ತೀರಿ ಅಂತ ಕೇಳುತ್ತಾ ಹೋದರು. ಉಸಿರು ಹಿಡಿತಕ್ಕೆ ತಂದುಕೊಳ್ಳುವುದು, ಮನಸ್ಸಲ್ಲೇ ಒಂದು ಸುರಕ್ಷಿತ ಜಾಗಕ್ಕೆ ಹೋಗಿ ಬರುವುದು, ಇದನ್ನೆಲ್ಲ ಕಲಿಸಿದರು. ಇಎಂಡಿಆರ್‌ನಲ್ಲಿ ಒಟ್ಟು ಎಂಟು ಹಂತ. ಕಣ್ಣಾಡಿಸುವ ಭಾಗ ಬರುವುದು ನಾಲ್ಕನೆಯದರಲ್ಲಿ. ಮೊದಲ ದಿನವೇ ಬೆರಳು ಆಡಿಸಲು ಶುರು ಮಾಡುವವರ ಹತ್ತಿರ ನಾನಂತೂ ಕೂರುವುದಿಲ್ಲ.

ಆಮೇಲೆ ಒಂದೇ ಒಂದು ಚಿತ್ರ ಆರಿಸಿಕೊಳ್ಳಿ ಅಂದರು. ನನಗೆ ಬಂದದ್ದು ಬಾಗಿಲಿನ ಹಿಡಿ. ಹಿಡಿದಾಗ ಅದು ಸುಡುತ್ತಿತ್ತು. ಅದನ್ನು ನೆನೆದರೆ ನಿಮ್ಮ ಬಗ್ಗೆ ಏನನಿಸುತ್ತದೆ ಅಂದರು. "ನಾನು ಉಳಿಯಲ್ಲ" ಅಂದೆ. ಸಂಕಟ ಸೊನ್ನೆಯಿಂದ ಹತ್ತರಲ್ಲಿ ಎಷ್ಟು? ಒಂಬತ್ತು. ಮೈಯಲ್ಲಿ ಎಲ್ಲಿ? ಬಲ ಅಂಗೈ.

ಅಷ್ಟಾದ ಮೇಲೆ ಅವರ ಬೆರಳು ಎಡಕ್ಕೆ ಬಲಕ್ಕೆ, ಸುಮಾರು ಅರ್ಧ ನಿಮಿಷ. ನಿಲ್ಲಿಸಿ, "ಈಗ ಏನು ಬರ್ತಿದೆ?" ಒಂದೇ ಮಾತು ಹೇಳಿದರೆ ಸಾಕು. "ಅಂಗೈ ಉರಿ." "ಸರಿ, ಅದರ ಜೊತೆಗೇ ಇರಿ." ಮತ್ತೆ ಬೆರಳು. ಸ್ವಲ್ಪ ಹೊತ್ತು ಉರಿ ಜಾಸ್ತಿಯೇ ಆಯಿತು, ಅಳುವೂ ಬಂತು. ಆಮೇಲೆ ಯಾರೂ ಕೇಳದೆ ಇನ್ನೊಂದು ನೆನಪು ಎದ್ದು ಬಂತು: ಕೆಳಗಿನ ಮನೆಯ ಆಂಟಿ ಕತ್ತಲಲ್ಲಿ ನನ್ನ ಇದೇ ಕೈ ಹಿಡಿದು ಎಳೆದುಕೊಂಡು ಹೋಗಿದ್ದು. ಅಲ್ಲಿಯವರೆಗೆ ಆ ರಾತ್ರಿಯನ್ನು ನೆನೆದಾಗಲೆಲ್ಲ ಬಾಗಿಲಿನ ಹತ್ತಿರವೇ ನಿಂತುಬಿಡುತ್ತಿದ್ದೆ. ಅವತ್ತು ಮೊದಲ ಸಲ ನೆನಪಿನಲ್ಲೂ ಕೆಳಗೆ ಇಳಿದೆ.

ನೆನಪು ಅಳಿಸಿಹೋಗುವುದಿಲ್ಲ. ಬೆಂಕಿ ಬಿದ್ದಿತ್ತು, ನಾನಿದ್ದೆ, ಎಲ್ಲ ಗೊತ್ತು. ಆದರೆ ಅದು ಈಗ ಆಗುತ್ತಿದೆ ಅಂತ ಮೈ ನಂಬುವುದು ನಿಂತಿದೆ. ಸೆಷನ್ ಆದ ದಿನ ವಿಪರೀತ ಸುಸ್ತು, ವಿಚಿತ್ರ ಕನಸು. ಅವತ್ತು ಬೇರೆ ಕೆಲಸ ಇಟ್ಟುಕೊಳ್ಳಬೇಡಿ.

ಇದು ನಿನ್ನೆ ಮೊನ್ನೆ ಬಂದದ್ದೂ ಅಲ್ಲ. ಫ್ರಾನ್ಸಿನ್ ಶಪಿರೊ ಇದರ ಮೊದಲ ಅಧ್ಯಯನ ಪ್ರಕಟಿಸಿದ್ದು 1989ರಲ್ಲಿ. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಪಿಟಿಎಸ್‌ಡಿಗೆ ಇದನ್ನು ಶಿಫಾರಸು ಮಾಡಿದೆ.

ಶ್ರುತಿಪೆಟ್ಟಿಗೆ:

ಅರಿವಳಿಕೆ ವಿಭಾಗದಲ್ಲಿ ನರ್ಸ್ ನಾನು. ಕೆಟಮಿನ್ ದಿನಾ ಕೈಗೆ ಬರುವ ಔಷಧ, ಆದ್ದರಿಂದ ನಿಮ್ಮ ಅಣ್ಣನಿಗೂ ಸೇರಿಸಿ ಬರೆಯುತ್ತೇನೆ.

ಅಮೆರಿಕದಲ್ಲಿ ಇದಕ್ಕೆ 1970ರಲ್ಲಿ ಒಪ್ಪಿಗೆ ಸಿಕ್ಕಿದ್ದು ಅರಿವಳಿಕೆಗೆ. ಮನಸ್ಸಿನ ಕಾಯಿಲೆಗೆ ಕೊಡುವಾಗ ಪ್ರಮಾಣ ಕಡಿಮೆ: ಸಾಮಾನ್ಯವಾಗಿ ಒಂದು ಕೆಜಿ ತೂಕಕ್ಕೆ 0.5 ಮಿಲಿಗ್ರಾಂ ಲೆಕ್ಕದಲ್ಲಿ 40 ನಿಮಿಷ ಡ್ರಿಪ್. ಅಷ್ಟಕ್ಕೇ ದೇಹದಿಂದ ಬೇರೆಯಾಗಿ ತೇಲಿದ ಹಾಗೆ ಅನಿಸಬಹುದು. ಬಿಪಿ ಏರುತ್ತದೆ, ವಾಕರಿಕೆ ಬರುತ್ತದೆ. ಕೆಲವರಿಗೆ ಆ ತೇಲುವಿಕೆ ಹಿತ, ಕೆಲವರಿಗೆ ಭಯ. ತಲೆ ಖಾಲಿಯಾಗುತ್ತದೆ ಅಂತ ನೀವು ಬರೆದಿದ್ದೀರಲ್ಲ, ಅದನ್ನು ಡಾಕ್ಟರ್‌ಗೆ ಮೊದಲೇ ಹೇಳಲೇಬೇಕು. ಬಿಪಿ ಹಿಡಿತದಲ್ಲಿ ಇಲ್ಲದವರಿಗೆ, ಸೈಕೋಸಿಸ್ (ಇಲ್ಲದ್ದು ಕಾಣುವ, ಕೇಳುವ ಸ್ಥಿತಿ) ಆಗಿದ್ದವರಿಗೆ ಇದು ಸರಿಯಲ್ಲ.

ಬೇಗ ಗುಣ ಅನ್ನುವ ಮಾತಿಗೆ ಬರುತ್ತೇನೆ. ಖಿನ್ನತೆಯಲ್ಲಿ ಬೇಗ ಕೆಲಸ ಮಾಡುವುದು ನಿಜ. 2019ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿದ ಎಸ್‌ಕೆಟಮಿನ್ (ಕೆಟಮಿನ್‌ನದೇ ಒಂದು ರೂಪ) ಮೂಗಿನ ಸ್ಪ್ರೇ ಕೂಡ ಬೇರೆ ಔಷಧಕ್ಕೆ ಬಗ್ಗದ ಖಿನ್ನತೆಗೆ, ಪಿಟಿಎಸ್‌ಡಿಗೆ ಅಲ್ಲ. ಪಿಟಿಎಸ್‌ಡಿಯಲ್ಲಿ 2021ರ ಒಂದು ಅಧ್ಯಯನದಲ್ಲಿ 30 ಜನ ಇದ್ದರು. ಎರಡು ವಾರದಲ್ಲಿ ಆರು ಡ್ರಿಪ್ ಕೊಟ್ಟವರಿಗೆ ಒಳ್ಳೆಯ ಗುಣ ಕಂಡಿತು, ಆದರೆ ಸುಧಾರಿಸಿದವರಲ್ಲಿ ಹೆಚ್ಚುಕಡಿಮೆ ಅರ್ಧ ಜನರಿಗೆ ನಾಲ್ಕು ವಾರದೊಳಗೆ ಅದು ಇಳಿದುಹೋಯಿತು. ಸೈನಿಕರು ಮತ್ತು ಮಾಜಿ ಸೈನಿಕರ ಮೇಲೆ ನಡೆದು 2022ರಲ್ಲಿ ಬಂದ ಇನ್ನೂ ದೊಡ್ಡ ಅಧ್ಯಯನದಲ್ಲಿ ಪಿಟಿಎಸ್‌ಡಿ ಲಕ್ಷಣಕ್ಕೆ ಪ್ಲಸಿಬೊಗಿಂತ (ಔಷಧವಿಲ್ಲದ ಹುಸಿ ಡ್ರಿಪ್‌ಗಿಂತ) ಮೇಲು ಅಂತ ಸಾಬೀತಾಗಲಿಲ್ಲ.

ಹಾಗಾಗಿ ಯಾರಾದರೂ ಸುಮ್ನೆ ಡ್ರಿಪ್ ಹಾಕಿ ಕಳಿಸುತ್ತೇವೆ ಅಂದರೆ ಅದು ಥೆರಪಿ ಅಲ್ಲ. ಮುಂಚೆ ಕೂತು ಮಾತಾಡಿ ತಯಾರು ಮಾಡುವವರು, ಔಷಧ ಹೋಗುವಾಗ ಬಿಪಿ ನೋಡುತ್ತಾ ಪಕ್ಕದಲ್ಲಿ ಇರುವವರು, ಆಮೇಲಿನ ದಿನಗಳಲ್ಲಿ ಮನಸ್ಸಿಗೆ ಬಂದದ್ದನ್ನು ಜೊತೆಗೆ ಬಿಡಿಸುವವರು ಇರಬೇಕು. ಮನೆಗೆ ತರಿಸಿ ಒಬ್ಬರೇ ತೆಗೆದುಕೊಳ್ಳುವುದಂತೂ ಬೇಡವೇ ಬೇಡ. 2023ರಲ್ಲಿ ಎಫ್‌ಡಿಎ ಇದರ ಬಗ್ಗೆಯೇ ಎಚ್ಚರಿಕೆ ಕೊಟ್ಟಿದೆ. ಚಟ ಹತ್ತುತ್ತದೆ, ತುಂಬ ದಿನ ತೆಗೆದುಕೊಂಡರೆ ಮೂತ್ರಕೋಶ ಕೆಡುತ್ತದೆ.

ಕಾಗುಣಿತ:

ಹೊಂಗೆನೆರಳು ಅವರ ಮಾತಿಗೆ ಒಂದು ಸೇರಿಸುತ್ತೇನೆ. ಕಣ್ಣಾಡಿಸುವುದರಿಂದಲೇ ಗುಣವಾಗುತ್ತದಾ ಅನ್ನುವ ವಾದ ಇನ್ನೂ ಮುಗಿದಿಲ್ಲ. ನೆನಪನ್ನೂ ಹಿಡಿದುಕೊಂಡು ಬೆರಳನ್ನೂ ಹಿಂಬಾಲಿಸುವಾಗ ಮನಸ್ಸಿಗೆ ಎರಡು ಕೆಲಸ, ಹಾಗಾಗಿ ಚಿತ್ರದ ಕಾವು ಇಳಿಯುತ್ತದೆ ಅನ್ನುವ ವಿವರಣೆ ನನಗೆ ಒಪ್ಪಿಗೆ. ಕೆಲವರು ಮಾತ್ರ ಭಯದ ನೆನಪನ್ನು ಧೈರ್ಯವಾಗಿ ಎದುರಿಸುವುದೇ ಅಸಲು ಮದ್ದು ಅಂತಾರೆ.

ನನಗೆ ಉಪಯೋಗವಾದದ್ದು ಸಿಪಿಟಿ ಅನ್ನುವ ಇನ್ನೊಂದು ಥೆರಪಿ. ಸಾಮಾನ್ಯವಾಗಿ 12 ಸೆಷನ್. "ತಪ್ಪು ನನ್ನದೇ" ಅನ್ನುವಂಥ ಗಂಟುಬಿದ್ದ ಯೋಚನೆಗಳನ್ನು ಹಾಳೆಯ ಮೇಲೆ ಬರೆದು, ಅದಕ್ಕೆ ಆಧಾರ ಏನು ಅಂತ ಒಂದೊಂದಾಗಿ ಪರೀಕ್ಷೆ ಮಾಡುವುದು. ಇದರಲ್ಲೂ ಘಟನೆಯನ್ನು ಎಳೆಎಳೆಯಾಗಿ ಹೇಳದೆಯೇ ಮುಂದುವರಿಯಬಹುದು. ಇಎಂಡಿಆರ್ ಹೊಂದದಿದ್ದರೆ ಎಲ್ಲ ಮುಗೀತು ಅಂದುಕೊಳ್ಳಬೇಡಿ.

ನಸುಕು:

ಎಲ್ಲರಿಗೂ ಧನ್ಯವಾದ. ಇನ್ನೊಂದೇ ಭಯ. ಬೆರಳು ಆಡಿಸುತ್ತಿರುವಾಗ ಮಧ್ಯದಲ್ಲೇ ತಲೆ ಖಾಲಿಯಾದರೆ?

ಹೊಂಗೆನೆರಳು:

ಆಗಬಹುದು, ಅದಕ್ಕೂ ದಾರಿ ಇದೆ. ನನಗೂ ಒಮ್ಮೆ ಎದುರಿನ ಗೋಡೆ ದೂರ ಸರಿದ ಹಾಗೆ ಆಗಿತ್ತು. ಅವರು ತಕ್ಷಣ ಬೆರಳು ಇಳಿಸಿ, ಎರಡೂ ಪಾದ ನೆಲಕ್ಕೆ ಒತ್ತಿ ಅಂದರು, ಕೋಣೆಯಲ್ಲಿರುವ ನೀಲಿ ವಸ್ತುಗಳ ಹೆಸರು ಹೇಳಿಸಿದರು. ಆಮೇಲೆ ಕಣ್ಣು ಬೇಡ ಅಂತ ಮೊಣಕಾಲ ಮೇಲೆ ಎಡ ಬಲ ಮೆಲ್ಲಗೆ ತಟ್ಟಿಕೊಳ್ಳುವುದಕ್ಕೆ ಬದಲಾಯಿಸಿದೆವು. ಅದೂ ನಡೆಯುತ್ತದೆ.

ಇಲ್ಲಿ ಬರೆದದ್ದನ್ನೇ ಅವರಿಗೆ ತೋರಿಸಿ. ತಲೆ ಖಾಲಿಯಾಗುವುದು ಗೊತ್ತಿದ್ದರೆ ತಯಾರಿಗೆ ಇನ್ನಷ್ಟು ಸಮಯ ಕೊಡುತ್ತಾರೆ. ಜೀವ ಬೇಡ ಅನ್ನುವಂಥ ಯೋಚನೆ ಬರುತ್ತಿದ್ದರೆ ಅದನ್ನೂ ಶುರುವಿಗೆ ಮೊದಲೇ ಹೇಳಿ, ಮುಚ್ಚಿಡಬೇಡಿ. ಎರಡು ಸೆಷನ್ ಮಧ್ಯೆ ಹೊಸದೇನಾದರೂ ನೆನಪಾದರೆ ಒಂದು ಸಾಲು ಬರೆದಿಡಿ, ಒಬ್ಬರೇ ಕೂತು ಬಿಡಿಸಲು ಹೋಗಬೇಡಿ. ಮುಂದಿನ ಸಲ ಅವರು ಅಲ್ಲಿಂದಲೇ ಎತ್ತಿಕೊಳ್ಳುತ್ತಾರೆ.